ಆಟವೇ ವೃತ್ತಿಯಾದಾಗ

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಒಂದು ನಾಟಕ ಮಂಡಳಿ ಹುಟ್ಟಿತು. ಊರ ದೈವವಾದ ಚನ್ನಬಸವೇಶ್ವರನ ಹೆಸರನ್ನು ಹೊತ್ತ ಆ ಮಂಡಳಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಬೆಳೆದು ನಾಡಿನ ಮನೆಮಾತಾಯಿತು. ಬಣ್ಣ ಹಚ್ಚುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡು ಊರಿಂದೂರಿಗೆ ಸಾಗುತ್ತಿದ್ದ ಇಂತಹ ನಟರನ್ನು ಕನ್ನಡಿಗರು ವೃತ್ತಿ ಕಲಾವಿದರೆಂದು ಕರೆದರು. ಹಗಲೆಲ್ಲ ಕಚೇರಿಯಲ್ಲಿಯೋ ಪಾಠಶಾಲೆಯಲ್ಲಿಯೋ ದುಡಿದು, ಸಂಜೆ ಸಂತೋಷಕ್ಕಾಗಿ ರಂಗವನ್ನೇರುವವರು ಹವ್ಯಾಸಿಗಳೆನಿಸಿದರು. ಹವ್ಯಾಸಿಗಳಲ್ಲಿ ಪ್ರತಿಭಾವಂತರು ಇಲ್ಲದಿರಲಿಲ್ಲ. ಆದರೆ ಇಂದಿನ ನಾಟಕ ಸೋತರೆ ನಾಳಿನ ಊಟಕ್ಕೆ ತೊಂದರೆ ಎಂಬ ಭಯವನ್ನು ಬಲ್ಲವರು ವೃತ್ತಿಯವರು ಮಾತ್ರ.

ಆಟದ ಅಂಗಳದಲ್ಲಿಯೂ ಈ ಎರಡು ಬಗೆಯವರು ಉಂಟು. ಅಲ್ಲಿ ಬಹುಕಾಲ ಹವ್ಯಾಸಿಗೇ ಹಿರಿಮೆ. ಹಣಕ್ಕಾಗಿ ಆಡುವುದು ಆಟದ ಘನತೆಗೆ ಕುಂದೆಂಬ ಭಾವನೆ ಇಂಗ್ಲೆಂಡಿನ ಸಿರಿವಂತರಲ್ಲಿ ಬೆಳೆದು, ಅವರು ಹಬ್ಬಿಸಿದ ಆಟಗಳ ಜೊತೆಯಲ್ಲಿಯೇ ಲೋಕವನ್ನೆಲ್ಲ ಸುತ್ತಿತು. ಬ್ಯಾಡ್ಮಿಂಟನ್ ಆಟದಲ್ಲಿ ಈ ನಿರ್ಬಂಧ 1970ರ ದಶಕದ ಕೊನೆಯವರೆಗೂ ಉಳಿದಿತ್ತು. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ಲಿನ ಅಶ್ವಶಾಲೆಯ ಕುದುರೆ ಪಂದ್ಯದಲ್ಲಿ ಗೆದ್ದರೆ ಬಹುಮಾನದ ಹಣ ಬರುವುದುಂಟು. ಬ್ಯಾಡ್ಮಿಂಟನ್ ಆಟಗಾರ ಲೋಕವನ್ನೇ ಗೆದ್ದರೂ ಅವನಿಗೆ ದೊರೆಯುತ್ತಿದ್ದುದು ಬೆಳ್ಳಿಯ ಬಟ್ಟಲು ಮತ್ತು ಚಪ್ಪಾಳೆ! ಈ ಕಟ್ಟುಪಾಡು ಸಡಿಲವಾದ ಹೊತ್ತಿನಲ್ಲಿಯೇ ತನ್ನ ಆಟದ ತುತ್ತತುದಿಯನ್ನು ಮುಟ್ಟಿ, ಆಟವನ್ನೇ ವೃತ್ತಿಯಾಗಿ ಸ್ವೀಕರಿಸಿದ ಕನ್ನಡಿಗ ಪ್ರಕಾಶ್ ಪಡುಕೋಣೆ.

ಪ್ರಕಾಶ್ ಅವರು ಜನಿಸಿದುದು 1955ರ ಜೂನ್ 10ರಂದು, ಬೆಂಗಳೂರಿನಲ್ಲಿ. ಮನೆತನದ ಹೆಸರು ಕುಂದಾಪುರದ ಸಮೀಪದ ಪಡುಕೋಣೆ ಎಂಬ ಗ್ರಾಮದಿಂದ ಬಂದುದು. ತಂದೆ ರಮೇಶ ಪಡುಕೋಣೆಯವರು ಅಂದಿನ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿ ಹಲವು ವರ್ಷ ದುಡಿದವರು. ಹೀಗಾಗಿ ಬಾಲಕನ ಕೈಗೆ ರ‍್ಯಾಕೆಟ್ ಬಂದುದರಲ್ಲಿ ಆಶ್ಚರ್ಯವಿಲ್ಲ. ಅವನು ಆಡಲು ಕಲಿತ ಸ್ಥಳ ಮಾತ್ರ ಗಮನಿಸತಕ್ಕದ್ದು.

ತುಮಕೂರಿನ ಶಾಲೆಯ ಬಯಲಿನಲ್ಲಿ ಉಣ್ಣೆಯ ಚೆಂಡನ್ನು ಹೊಡೆದು ಬಾಲ್ ಬ್ಯಾಡ್ಮಿಂಟನ್ ಆಡಿದ ಹುಡುಗರಿಗೆ ಗಾಳಿಯ ಕಾಟ ಅಷ್ಟಾಗಿ ತಿಳಿಯದು. ಶಟಲ್ ಬ್ಯಾಡ್ಮಿಂಟನ್ನಿನ ಮಾತು ಬೇರೆ. ಬೆಂಡಿನ ಬುಡಕ್ಕೆ 16 ಗರಿಗಳನ್ನು ಸಿಕ್ಕಿಸಿ ಮಾಡಿದ ಶಟಲ್ ಕಾಕಿನ ತೂಕ ಐದು ಗ್ರಾಮಿನ ಆಸುಪಾಸು. ಹೊಡೆತಕ್ಕೆ ಸಿಕ್ಕಿದಾಗ ಅದು ಬಾಣದಂತೆ ಚಿಮ್ಮುತ್ತದೆ. ಮರುಕ್ಷಣವೇ ಗರಿಗಳು ಗಾಳಿಯನ್ನು ತಡೆಯುವುದರಿಂದ ವೇಗ ಕುಗ್ಗಿ ಕೆಳಗಿಳಿಯುತ್ತದೆ. ಹಗುರವಾದ ತಂಗಾಳಿಯೂ ಅದರ ದಾರಿಯನ್ನು ತಪ್ಪಿಸಬಲ್ಲದು. ಆದುದರಿಂದ ಈ ಆಟಕ್ಕೆ ನಾಲ್ಕು ಗೋಡೆಯ ಮರೆ ಬೇಕು, ತಲೆಯ ಮೇಲೆ ಎತ್ತರದ ಮಾಡು ಬೇಕು. ಅಂತಹ ಕಟ್ಟಡವನ್ನು ಆಟಕ್ಕೆಂದೇ ಕಟ್ಟಿಸುವ ಶಕ್ತಿ ಅಂದಿನ ಬೆಂಗಳೂರಿನಲ್ಲಿಯೂ ಕೆಲವೇ ಸಂಸ್ಥೆಗಳಿಗಿತ್ತು. ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ ಮದುವೆಗಳು ನಡೆಯುತ್ತಿದ್ದುವು. ಮದುವೆಯಿಲ್ಲದ ದಿನ ಅದೇ ನೆಲದಲ್ಲಿ ಬಲೆ ಕಟ್ಟಿ ಆಡುತ್ತಿದ್ದರು. ಲಗ್ನದ ಕಾಲ ಬಂತೆಂದರೆ ಆಟಕ್ಕೆ ರಜೆ. ಗುಬ್ಬಿಯಲ್ಲಿಯೋ ಕುಣಿಗಲ್ಲಿನಲ್ಲಿಯೋ ಇರುವ ಛತ್ರವೊಂದನ್ನು ನೆನೆದುಕೊಂಡರೆ ಆ ಸ್ಥಳದ ಕಲ್ಪನೆ ಸುಲಭವಾಗಿ ಬರುತ್ತದೆ. ಮುಂದೆ ವಿಶ್ವವಿಖ್ಯಾತವಾದ ಆಟವೊಂದು ರೂಪುಗೊಂಡುದು ಹೋಮದ ಹೊಗೆ ಆರಿದ ಆ ನೆಲದ ಮೇಲೆಯೇ.

ರಾಜ್ಯದ ಕಿರಿಯರ ಪಂದ್ಯಾವಳಿಯಲ್ಲಿ ಮೊದಲ ಸಲ ಆಡಿದಾಗ ಪ್ರಕಾಶ್ ಮೊದಲ ಸುತ್ತಿನಲ್ಲಿಯೇ ಸೋತರು. ಎರಡು ವರ್ಷಗಳ ಅನಂತರ ಅದೇ ಪ್ರಶಸ್ತಿ ಅವರದಾಯಿತು. ಹದಿಹರೆಯದಲ್ಲಿ ಅವರ ಮನಸ್ಸನ್ನು ಸೆಳೆದವರು ಇಂಡೋನೇಷ್ಯದ ರೂಡಿ ಹಾರ್ಟೊನೊ. ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಎಂಟು ಬಾರಿ ಗೆದ್ದ ಆ ಮಹಾನ್ ಆಟಗಾರನ ಆಕ್ರಮಣ ಶೈಲಿಯ ಪ್ರಭಾವದಿಂದ, 1971ರ ಸುಮಾರಿಗೆ ಪ್ರಕಾಶ್ ತಮ್ಮ ಆಟಕ್ಕೆ ಬಿರುಸನ್ನು ತಂದುಕೊಂಡರು. ಹದಿನಾರರ ಹರೆಯದಲ್ಲಿಯೇ ರಾಷ್ಟ್ರದ ಕಿರಿಯರ ಮತ್ತು ಹಿರಿಯರ ಎರಡೂ ಪ್ರಶಸ್ತಿಗಳು ಅವರ ಪಾಲಾದುವು. 1972ರಲ್ಲಿ ಅರ್ಜುನ ಪ್ರಶಸ್ತಿ ಬಂದಿತು. ಹಿರಿಯರ ರಾಷ್ಟ್ರೀಯ ಪ್ರಶಸ್ತಿಯನ್ನು ಅವರು ಸತತವಾಗಿ ಒಂಬತ್ತು ಬಾರಿ ಗೆದ್ದರು. ಆ ಸರಣಿಯನ್ನು ತಡೆದವರು ಸೈಯದ್ ಮೋದಿ.

ದೇಶದಲ್ಲಿ ಎದುರಾಳಿಯೇ ಇಲ್ಲದವನಿಗೆ ಒಂದು ಅಪಾಯವುಂಟು: ತನ್ನ ಆಟ ಎಷ್ಟರದು ಎಂದು ಅಳೆಯುವ ಕೋಲು ಅವನ ಬಳಿ ಇರುವುದಿಲ್ಲ. ಆ ಕೋಲು ದೊರೆಯುವುದು ಹೊರದೇಶದ ಅಂಗಣಗಳಲ್ಲಿ. 1978ರಲ್ಲಿ ಕೆನಡಾದ ಎಡ್ಮಂಟನ್ ನಗರದಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಪ್ರಕಾಶ್ ಇಂಗ್ಲೆಂಡಿನ ಡೆರೆಕ್ ಟಾಲ್ಬಟ್ ಅವರನ್ನು ಸೋಲಿಸಿ ಚಿನ್ನದ ಪದಕವನ್ನು ಪಡೆದರು. ಮರುವರ್ಷ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಹುಮಾನದ ಹಣವಿಟ್ಟು ನಡೆಸಿದ ಪಂದ್ಯಾವಳಿಯನ್ನೂ ಗೆದ್ದರು. ಬ್ಯಾಡ್ಮಿಂಟನ್ ಆಟದಿಂದಲೇ ಬಾಳಬಹುದೆಂಬ ದಿನಗಳು ಹತ್ತಿರವಾಗುತ್ತಿದ್ದುವು.

1980ರ ಮಾರ್ಚ್ ತಿಂಗಳು ಅವರ ಬಾಳಿನ ಅತ್ಯಂತ ಸಮೃದ್ಧ ಕಾಲ. ಡೆನ್ಮಾರ್ಕ್ ಮತ್ತು ಸ್ವೀಡನ್ನಿನ ಓಪನ್ ಪ್ರಶಸ್ತಿಗಳನ್ನು ಗೆದ್ದು, ಅದೇ ಉತ್ಸಾಹದಲ್ಲಿ ಅವರು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣವನ್ನು ಪ್ರವೇಶಿಸಿದರು. ಆಲ್ ಇಂಗ್ಲೆಂಡ್ ಪಂದ್ಯಾವಳಿ 1899ರಲ್ಲಿ ಆರಂಭವಾದುದು. ಅದನ್ನು ಗೆದ್ದವನನ್ನು ಲೋಕದ ಅಗ್ರಗಣ್ಯನೆಂದು ಭಾವಿಸುವ ವಾಡಿಕೆ. ಭಾರತದ ಪುರುಷರಾರೂ ಅದರ ಸಿಂಗಲ್ಸ್ ಪ್ರಶಸ್ತಿಯನ್ನು ಅಲ್ಲಿಯವರೆಗೆ ಗೆದ್ದಿರಲಿಲ್ಲ. ಅಂತಿಮ ಪಂದ್ಯದಲ್ಲಿ ಎದುರು ನಿಂತವರು ಇಂಡೋನೇಷ್ಯದ ಲಿಯೆಮ್ ಸ್ವೀ ಕಿಂಗ್. 1978 ಮತ್ತು 1979ರ ಪ್ರಶಸ್ತಿಗಳು ಕಿಂಗ್ ಅವರವು. ನೆಲದಿಂದ ಚಂಗನೆ ನೆಗೆದು, ಶಟಲನ್ನು ಎತ್ತರದಲ್ಲಿಯೇ ಎದುರಿಸಿ ಕೆಳಗೆ ಅಪ್ಪಳಿಸುವ ಅವರ ಹೊಡೆತಕ್ಕೆ ಹೆದರದವರು ಕಡಿಮೆ.

ಬಿರುಸಿಗೆ ಬಿರುಸನ್ನೇ ಒಡ್ಡಿದ್ದರೆ ಪ್ರಕಾಶ್ ಸೋಲುತ್ತಿದ್ದರೆಂದು ತೋರುತ್ತದೆ. ಅವರು ಆಟದ ವೇಗವನ್ನೇ ಇಳಿಸಿಬಿಟ್ಟರು. ಅಪ್ಪಳಿಸಲು ಅನುಕೂಲವಾಗುವಂತೆ ಶಟಲನ್ನು ಎದುರಾಳಿಗೆ ಎತ್ತಿಕೊಡಲಿಲ್ಲ. ಬಲೆಯ ಅಂಚಿನಲ್ಲಿ ಮೆಲ್ಲನೆ ಜಾರಿಸಿದರು. ಮುಂದಕ್ಕೆ ಓಡಿಬಂದ ಕಿಂಗ್ ಅವರ ತಲೆಯ ಮೇಲಿಂದ ಅಂಗಣದ ಹಿಂಬದಿಯ ಮೂಲೆಗೆ ಕಳುಹಿಸಿದರು. ಪೂರ್ಣ ಬಲದಿಂದ ಹೊಡೆಯುವವರಂತೆ ತೋಳನ್ನು ಬೀಸಿ, ಕೊನೆಯ ಗಳಿಗೆಯಲ್ಲಿ ಮಣಿಕಟ್ಟನ್ನು ತಿರುಗಿಸಿ ಅರ್ಧ ಬಲದಲ್ಲಿ ಬಿಟ್ಟರು. ಆಗಿನ ನಿಯಮದಂತೆ ಸರ್ವಿಸ್ ಮಾಡಿದವನಿಗಷ್ಟೇ ಅಂಕ. ಮೊದಲು 15 ಅಂಕಗಳನ್ನು ಮುಟ್ಟಿದವನಿಗೆ ಗೇಮ್. ಇಂದಿನ 21 ಅಂಕಗಳ ಪದ್ಧತಿ ಬಂದುದು 2006ರಲ್ಲಿ. ಹಳೆಯ ಪದ್ಧತಿಯಲ್ಲಿ ಸರ್ವಿಸ್ ಕಳೆದುಕೊಂಡವನು ಎಷ್ಟು ದಣಿದರೂ ಅಂಕ ಮುಂದೆ ಸರಿಯುತ್ತಿರಲಿಲ್ಲ. ತಾಳ್ಮೆಯುಳ್ಳವನಿಗೆ ಅದು ಹೇಳಿ ಮಾಡಿಸಿದಂತಿತ್ತು. ಮೊದಲ ಗೇಮಿನಲ್ಲಿ ಕಿಂಗ್ ಅವರಿಗೆ ದೊರೆತುದು ಮೂರೇ ಅಂಕ. ಎರಡನೆಯದರಲ್ಲಿ ಅವರು ಚೇತರಿಸಿಕೊಂಡರೂ ಹತ್ತನ್ನು ದಾಟಲಾಗಲಿಲ್ಲ. 15-3, 15-10ರಿಂದ ಗೆಲುವು ಪ್ರಕಾಶ್ ಅವರದಾಯಿತು.

ಇಲ್ಲಿಗೆ ಕಥೆಯನ್ನು ನಿಲ್ಲಿಸಿ ಜಯಕಾರ ಮಾಡುವುದು ವಾಡಿಕೆ. ಪ್ರಕಾಶ್ ಅವರ ನಿಜವಾದ ಪರೀಕ್ಷೆ ಆರಂಭವಾದುದು ಆ ಬಳಿಕವೇ. ಅವರಿಗೆ ಯೂನಿಯನ್ ಬ್ಯಾಂಕಿನಲ್ಲಿ ನೌಕರಿಯಿತ್ತು, ಊರಿನಲ್ಲಿ ಕೀರ್ತಿಯಿತ್ತು. ಹಾರ ಹಾಕಿಸಿಕೊಂಡು ನೆಮ್ಮದಿಯಾಗಿರಲು ಅಷ್ಟು ಸಾಕಾಗಿತ್ತು. ಆದರೆ ತಮಗೆ ಸಮನಾದವರೊಡನೆ ದಿನವೂ ಆಡುವ ಅವಕಾಶ ಅಂದಿನ ಭಾರತದಲ್ಲಿ ಇರಲಿಲ್ಲ. ಅವರು ಬೆಂಗಳೂರನ್ನು ಬಿಟ್ಟು ಡೆನ್ಮಾರ್ಕಿಗೆ ತೆರಳಿ, ರಾಜಧಾನಿ ಕೋಪೆನ್‌ಹೇಗನ್‌ನಲ್ಲಿ ನೆಲೆಸಿ ವೃತ್ತಿ ಆಟಗಾರರ ಬದುಕನ್ನು ಕೈಗೊಂಡರು. ಮಧ್ಯಾಹ್ನಕ್ಕೇ ಕತ್ತಲಾಗುವ ಚಳಿಗಾಲ, ತಿಳಿಯದ ಭಾಷೆ. ಮುಂದೆ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ನಾಲ್ಕು ಬಾರಿ ಗೆದ್ದ ಮಾರ್ಟೆನ್ ಫ್ರಾಸ್ಟ್ ಅಲ್ಲಿ ಅವರ ಗೆಳೆಯರಾದರು. ಪಂದ್ಯದಲ್ಲಿ ಎದುರಾಳಿ, ಅಭ್ಯಾಸದಲ್ಲಿ ಜೊತೆಗಾರ! ಗುಬ್ಬಿಯ ಕಂಪನಿಯ ನಟರಿಗೆ ಇಂತಹ ಬಾಳ್ವೆ ಹೊಸದೆನಿಸುತ್ತಿರಲಿಲ್ಲ. ಮೈ ಸರಿಯಿರಲಿ, ಇಲ್ಲದಿರಲಿ, ಪರದೆ ಎದ್ದೊಡನೆ ಅವರು ರಂಗಕ್ಕೆ ಬರಲೇಬೇಕಾಗಿತ್ತು.

ವೃತ್ತಿಯೆಂದ ಮೇಲೆ ಸೋಲೂ ಅದರ ಪಾಲು. 1981ರ ಆಲ್ ಇಂಗ್ಲೆಂಡ್ ಅಂತಿಮ ಪಂದ್ಯದಲ್ಲಿ ಅದೇ ಕಿಂಗ್ ಮತ್ತೆ ಎದುರಾದರು. ಮೊದಲ ಗೇಮನ್ನು ಪ್ರಕಾಶ್ 15-11ರಿಂದ ಗೆದ್ದರು. ಮುಂದಿನೆರಡನ್ನು ಕಿಂಗ್ 15-4, 15-6ರಿಂದ ಕಿತ್ತುಕೊಂಡರು. ಹಿಂದಿನ ವರ್ಷದ ಉಪಾಯ ಈ ಬಾರಿ ಅವರಿಗೆ ತಿಳಿದಿತ್ತು. ಆ ವರ್ಷವೇ ಕೌಲಾಲಂಪುರದಲ್ಲಿ ನಡೆದ ವಿಶ್ವಕಪ್ ಪಂದ್ಯಾವಳಿಯಲ್ಲಿ ಪ್ರಕಾಶ್ ಚೀನದ ಹಾನ್ ಜಿಯಾನ್ ಅವರನ್ನು ಸೋಲಿಸಿದರು. ಮೊದಲ ಗೇಮ್ 15-0. ಎದುರಾಳಿ ಒಂದಂಕವನ್ನೂ ಗಳಿಸಲಿಲ್ಲ! ಎರಡನೆಯದು 18-16ರವರೆಗೆ ಎಳೆದಾಡಿತು. ಚೀನದ ಆಟಗಾರರ ಬಲವನ್ನು ಲೋಕ ಆಗತಾನೇ ಅರಿಯತೊಡಗಿದ್ದ ಕಾಲವದು. 1982ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. 1983ರಲ್ಲಿ ಕೋಪೆನ್‌ಹೇಗನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳಲ್ಲಿ ಅವರು ಕಂಚಿನ ಪದಕ ಪಡೆದರು. ಆ ಕೂಟದಲ್ಲಿ ಸಿಂಗಲ್ಸ್ ಪದಕ ಪಡೆದ ಮೊದಲ ಭಾರತೀಯ ಅವರೇ.

ಬ್ಯಾಡ್ಮಿಂಟನ್ ಒಲಿಂಪಿಕ್ ಕ್ರೀಡಾಕೂಟದ ಪದಕಪಟ್ಟಿಗೆ ಸೇರಿದುದು 1992ರಲ್ಲಿ. ಪ್ರಕಾಶ್ ಆಟದಿಂದ ನಿವೃತ್ತರಾದುದು 1991ರಲ್ಲಿ. ಹೀಗೆ ಒಂದು ವರ್ಷದ ಅಂತರದಲ್ಲಿ ಆ ಬಾಗಿಲು ಅವರಿಗೆ ತೆರೆಯದೆ ಹೋಯಿತು. ಅದು ತೆರೆದಿದ್ದರೂ ಅವರ ಉತ್ಕರ್ಷದ ದಿನಗಳು ಆಗ ಹಿಂದೆ ಸರಿದಿದ್ದುವು.

ನಿವೃತ್ತಿಯ ಅನಂತರ ಅವರು ಕೆಲವು ವರ್ಷ ಭಾರತ ತಂಡದ ತರಬೇತುದಾರರಾಗಿದ್ದರು. 1994ರಲ್ಲಿ ವಿಮಲ್ ಕುಮಾರ್ ಮೊದಲಾದ ಸಂಗಡಿಗರೊಡನೆ ಬೆಂಗಳೂರಿನಲ್ಲಿ ಒಂದು ಬ್ಯಾಡ್ಮಿಂಟನ್ ಅಕಾಡೆಮಿಯನ್ನು ಸ್ಥಾಪಿಸಿದರು. ಸಮಾನರೊಡನೆ ಆಡಲು ತಾವು ಕಡಲು ದಾಟಬೇಕಾಯಿತು. ಮುಂದಿನವರಿಗೆ ಅಂತಹ ಜೊತೆ ತಾಯ್ನಾಡಿನಲ್ಲಿಯೇ ದೊರೆಯುವಂತೆ ಮಾಡಿದರು. ಲಗ್ನದ ಮುಹೂರ್ತವನ್ನು ನೋಡಿ ಅಭ್ಯಾಸ ನಿಲ್ಲಿಸುವ ಪ್ರಮೇಯ ಅಲ್ಲಿರಲಿಲ್ಲ. ಆ ಅಕಾಡೆಮಿಯಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಚೀನದ ಚೆನ್ ಹಾಂಗ್ ಅವರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಭಾರತಕ್ಕೆ ಎರಡನೆಯ ಬಾರಿ ತಂದರು. ನಡುವೆ 21 ವರ್ಷಗಳು ಸಂದಿದ್ದುವು. ಹಿಮಾಲಯದ ಮಡಿಲಿನ ಅಲ್ಮೋರಾದಿಂದ ಎಳೆಯ ವಯಸ್ಸಿನಲ್ಲಿ ಅಲ್ಲಿಗೆ ಬಂದು ಸೇರಿದ ಲಕ್ಷ್ಯ ಸೇನ್ 2022ರಲ್ಲಿ ಅದೇ ಪಂದ್ಯಾವಳಿಯ ಅಂತಿಮ ಸುತ್ತನ್ನು ಮುಟ್ಟಿದರು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಲಕ್ಷ್ಯ ಸೇನ್ ಉಪಾಂತ್ಯದವರೆಗೆ ಸಾಗಿ, ಕಂಚಿನ ಪದಕದ ಪಂದ್ಯದಲ್ಲಿ ಮಲೇಷ್ಯದ ಲೀ ಝೀ ಜಿಯಾ ಅವರಿಗೆ ಸೋತರು. ಅಂಗಣದ ಬದಿಯಲ್ಲಿ ತರಬೇತುದಾರರಿಗೆಂದು ಹಾಕಿದ್ದ ಕುರ್ಚಿಯಲ್ಲಿ ಕುಳಿತು ಆ ಕೂಟದಲ್ಲಿ ಶಿಷ್ಯನ ಒಂದೊಂದು ಹೊಡೆತವನ್ನೂ ನೋಡುತ್ತಿದ್ದವರು 69 ವರ್ಷದ ಪ್ರಕಾಶ್ ಪಡುಕೋಣೆ.