ಥಿಯರಿ ಪುಸ್ತಕ ಮುಚ್ಚಿದ ಮೇಲೆ ಗಿಟಾರಿಗೆ ಯಾವ ಪಾಠ?

ಶನಿವಾರದ ಭಜನೆಗೆ ಮೊದಲ ಸಲ ಗಿಟಾರ್ ಒಯ್ದಾಗ, ಹನುಮಪ್ಪನ ಗುಡಿಯಲ್ಲಿ ಪೇಟಿ (ಹಾರ್ಮೋನಿಯಂ) ಬಾರಿಸುವ ಅಜ್ಜ ಕೇಳಿದ್ದು ಒಂದೇ ಮಾತು: “ನಾವು ಕರಿ ಒಂದರಾಗ ಹಾಡ್ತೀವಿ ತಮ್ಮಾ, ನಿನ್ ತಂತಿ ಅಲ್ಲಿಗೆ ಬರ್ತಾವೇನು?” ನನ್ನ ನೋಟ್‌ಬುಕ್ಕಿನಲ್ಲಿ ಹನ್ನೆರಡೂ ಮೇಜರ್ ಸ್ಕೇಲ್ ಇದ್ದವು, ಕಾರ್ಡ್ ಕಟ್ಟುವ ಸೂತ್ರ ಬಾಯಿಪಾಠವಾಗಿತ್ತು. ಕರಿ ಒಂದು ಎಂದರೆ ಸಿ ಶಾರ್ಪ್ ಎಂದು ಹೊಳೆಯುವಷ್ಟರಲ್ಲಿ ಎರಡು ಪದ ಮುಗಿದಿದ್ದವು.

ಗಿಟಾರ್ ಥಿಯರಿ ಮುಗಿಸಿದವರು ಮುಂದೇನು ಎಂದು ಕೇಳಿದಾಗಲೆಲ್ಲ ನನಗೆ ಆ ಸಂಜೆ ನೆನಪಾಗುತ್ತದೆ. ಹೆಚ್ಚಿನವರು ಇನ್ನೊಂದು ಥಿಯರಿ ಪುಸ್ತಕಕ್ಕೇ ಕೈ ಹಾಕುತ್ತಾರೆ, ಜಾಝ್ ಕಾರ್ಡುಗಳ ಪಟ್ಟಿ ಬರೆದುಕೊಳ್ಳುತ್ತಾರೆ. ಅದು ಆಮೇಲೆ ಆಗಲಿ. ಸಿ. ಬೆಳಗಲ್‌ನಿಂದ ಮಂತ್ರಾಲಯದವರೆಗೆ, ಆದೋನಿಯ ಕಡೆಗೂ, ಹಾಳೆಯಿಲ್ಲದೆ ಹಾಡುವ ಜನ ನಮ್ಮ ಸುತ್ತ ಇದ್ದಾರೆ. ಅವರ ಜೊತೆ ಕೂತು ನುಡಿಸಲು ಬರುವುದೇ ನಿಮ್ಮ ಮುಂದಿನ ಪಾಠ.

ಮೊದಲು ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ಚಿಕ್ಕಂದಿನಿಂದ ಕೇಳಿದ ಒಂದು ದೇವರನಾಮವನ್ನು ಗುನುಗುತ್ತ ಅದರ ‘ಸ’ ಯಾವ ಫ್ರೆಟ್ಟಿನಲ್ಲಿದೆ ಎಂದು ಹುಡುಕಿ. ಸಿಕ್ಕಿದರೆ ಅದೇ ಹಾಡನ್ನು ಎರಡು ಫ್ರೆಟ್ ಮೇಲಿನಿಂದ ನುಡಿಸಿ. ಕೊನೆಗೆ ತಾಳ ತಪ್ಪದೆ ಹಾಡಿಕೊಳ್ಳುತ್ತ ಬಾರಿಸಿ. ಎಲ್ಲಿ ತೊಡರಿತೋ ಅಲ್ಲಿಂದ ಶುರು ಮಾಡಿ. ಮೂರೂ ಬಂದವರು ಈ ಲೇಖನದ ರಾಗದ ಭಾಗಕ್ಕೇ ಹೋಗಬಹುದು.

ಪೇಟಿಯ ಮನೆ, ಗಿಟಾರಿನ ಕೇಪೊ

ಪೇಟಿಯಲ್ಲಿ ಬಿಳಿ ಒಂದರಿಂದ ಏಳರವರೆಗೆ ಎಣಿಸಿದರೆ ಸಿ, ಡಿ, ಇ, ಎಫ್, ಜಿ, ಎ, ಬಿ. ಕರಿ ಒಂದು ಸಿ ಶಾರ್ಪ್, ಎರಡು ಡಿ ಶಾರ್ಪ್, ಮೂರು ಎಫ್ ಶಾರ್ಪ್, ನಾಲ್ಕು ಜಿ ಶಾರ್ಪ್, ಐದು ಎ ಶಾರ್ಪ್. ಇಷ್ಟನ್ನು ಬಾಯಿಪಾಠ ಮಾಡಿ. ಕರಿ ಒಂದಕ್ಕೆ ಮೊದಲ ಫ್ರೆಟ್ಟಿನಲ್ಲಿ ಕೇಪೊ ಹಾಕಿ ಸಿ ಕಾರ್ಡಿನ ಆಕಾರ ಹಿಡಿಯಿರಿ. ಕರಿ ಮೂರಕ್ಕೆ ಎರಡನೇ ಫ್ರೆಟ್ಟಿನಲ್ಲಿ ಕೇಪೊ, ಇ ಆಕಾರ. ಹೆಂಗಸರು ಕರಿ ನಾಲ್ಕರಲ್ಲಿ ಹಾಡಿದರೆ ಮೊದಲ ಫ್ರೆಟ್ಟಿನಲ್ಲಿ ಕೇಪೊ, ಜಿ ಆಕಾರ.

ಇಲ್ಲಿಂದ ಮುಂದೆ ಕಾರ್ಡುಗಳನ್ನು ಇಂಗ್ಲಿಷ್ ಅಕ್ಷರಗಳಿಂದ ಯೋಚಿಸುವುದನ್ನು ಕಡಿಮೆ ಮಾಡಿ. ಪುಸ್ತಕದಲ್ಲಿ ಒಂದು, ನಾಲ್ಕು, ಐದು ಎಂದು ಕಲಿತ ಕಾರ್ಡುಗಳೇ ನಮ್ಮ ಸ, ಮ, ಪ. ‘ಸ’ ಎಲ್ಲಿಗೆ ಹೋದರೂ ಉಳಿದವು ಅದರ ಬೆನ್ನಿಗೇ ಹೋಗುತ್ತವೆ. ವಾರಕ್ಕೆ ಒಂದೇ ಹಾಡು ಸಾಕು. ಮೊದಲ ಎರಡು ದಿನ ಸ್ವರ ಮಾತ್ರ ಒಂದೇ ತಂತಿಯ ಮೇಲೆ ಹುಡುಕಿ, ಆಮೇಲೆ ಕಾರ್ಡು. ಜಾಲತಾಣದಲ್ಲಿ ಸಿಗುವ ಕಾರ್ಡಿನ ಪಟ್ಟಿಯನ್ನು ದಯವಿಟ್ಟು ಕೊನೆಯ ದಿನದವರೆಗೂ ನೋಡಬೇಡಿ. ಹುಡುಕುವಾಗಲೇ ಕಿವಿ ಪಳಗುವುದು.

ತಾಳ

ಥಿಯರಿ ಪುಸ್ತಕಗಳಲ್ಲಿ ನಾಲ್ಕು ಮಾತ್ರೆಯ ಲೆಕ್ಕವೇ ಹೆಚ್ಚು. ನಮ್ಮ ಪದಗಳು ಐದಕ್ಕೂ ಏಳಕ್ಕೂ ತಿರುಗುತ್ತವೆ. ಮಿಶ್ರಛಾಪಿಗೆ ‘ತಕಿಟ ತಕ ಧಿಮಿ’ ಎಂದು ಬಾಯಲ್ಲಿ ಹೇಳುತ್ತ ಒಂದು, ನಾಲ್ಕು, ಆರನೆಯ ಮಾತ್ರೆಗೆ ಕೈಯನ್ನು ಕೆಳಕ್ಕೆ ಹೊಡೆಯಿರಿ. ಖಂಡಛಾಪಿಗೆ ‘ತಕ ತಕಿಟ’, ಹೊಡೆತ ಒಂದು ಮತ್ತು ಮೂರಕ್ಕೆ. ಎಡಗೈಯಿಂದ ತಂತಿಗಳನ್ನು ಮೆಲ್ಲಗೆ ಒತ್ತಿ ನಾದ ನಿಲ್ಲಿಸಿ, ಬರೀ ಬಲಗೈಯ ಸದ್ದಿನಿಂದ ಹತ್ತು ನಿಮಿಷ ಅಭ್ಯಾಸ ಮಾಡಿ. ಇದಕ್ಕೆ ಬೇರೆ ಉಪಾಯವಿಲ್ಲ.

ರಾಗಕ್ಕೆ ಕಾಲಿಡುವಾಗ

ನನಗೆ ಅತಿ ಪ್ರಿಯವಾದ ಭಾಗ ಇದು. ಚೀಕಲಪರ್ವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ಬಾಳಿದ ನೆಲ ನಮ್ಮ ತುಂಗಭದ್ರೆಯ ಮೇಲ್ದಂಡೆಯಲ್ಲೇ ಇದೆ. ತಂಬೂರಿ, ಚಿಟಿಕೆ ಹಿಡಿದು ಹಾಡಿದ ಆ ಪದಗಳಿಗೆ ಕಾರ್ಡ್ ಎಂಬುದೇ ಇರಲಿಲ್ಲ. ಆದ್ದರಿಂದ ಕಾರ್ಡನ್ನು ಹೇರುವ ಮುನ್ನ ರಾಗವನ್ನು ಕೇಳಬೇಕು.

ನೀವು ಕಲಿತ ಮೇಜರ್ ಸ್ಕೇಲಿನ ಸ್ವರಗಳೇ ಶಂಕರಾಭರಣದವು. ಡೋರಿಯನ್ನಿನ ಸ್ವರಗಳು ಖರಹರಪ್ರಿಯದವು, ಮಿಕ್ಸೊಲಿಡಿಯನ್ನಿನವು ಹರಿಕಾಂಭೋಜಿಯವು, ಲಿಡಿಯನ್ನಿನವು ಕಲ್ಯಾಣಿಯವು. ಸ್ವರ ಒಂದೇ ಆದ ಮಾತ್ರಕ್ಕೆ ರಾಗ ಬಂದಂತಲ್ಲ, ಅದರ ನಡೆ ಮತ್ತು ಗಮಕ ಕಂಠದಿಂದಲೇ ಕಲಿಯಬೇಕಾದವು.

ಮೋಹನದಿಂದ ಆರಂಭಿಸಿ. ‘ಸ’ವನ್ನು ಸಿ ಎಂದಿಟ್ಟುಕೊಂಡರೆ ಸಿ, ಡಿ, ಇ, ಜಿ, ಎ, ಐದೇ ಸ್ವರ. ಇದರಲ್ಲಿ ‘ಮ’ ಇಲ್ಲ, ಹಾಗಾಗಿ ಕೈಗೆ ತಾನಾಗಿ ಬರುವ ಎಫ್ ಕಾರ್ಡು ಇಲ್ಲಿ ಸಲ್ಲದು. ಸಿ ಮೇಜರ್, ಎ ಮೈನರ್ ಎರಡೇ ಸಾಕು. ಆಮೇಲೆ ಮಾಯಾಮಾಳವಗೌಳ. ಸರಳೆ ವರಸೆಗಳನ್ನು ಈ ರಾಗದಲ್ಲಿ ಹೇಳಿಕೊಡುವ ಪದ್ಧತಿಯನ್ನು ಪುರಂದರದಾಸರ ಹೆಸರಿಗೇ ಸಲ್ಲಿಸುತ್ತಾರೆ. ಸ್ವರಗಳು ಸಿ, ಡಿ ಫ್ಲಾಟ್, ಇ, ಎಫ್, ಜಿ, ಎ ಫ್ಲಾಟ್, ಬಿ. ಇಲ್ಲಿ ಜಿ ಮೇಜರ್ ಹಿಡಿದರೆ ಅದರೊಳಗಿನ ಡಿ ಸ್ವರ ರಾಗದ ರಿಷಭಕ್ಕೆ ಬಡಿಯುತ್ತದೆ. ಸಿ ಮೇಜರ್, ಎಫ್ ಮೈನರ್, ಡಿ ಫ್ಲಾಟ್ ಮೇಜರ್ ಹೊಂದುತ್ತವೆ. ಯಾವ ಕಾರ್ಡ್ ಏಕೆ ಹೊಂದದು ಎಂದು ನೀವೇ ಕಂಡುಹಿಡಿಯಬಲ್ಲಿರಿ. ಥಿಯರಿ ಕಲಿತದ್ದು ಕೆಲಸಕ್ಕೆ ಬರುವ ಜಾಗ ಇದೇ.

ಸಂದೇಹವಾದಾಗ ಕಾರ್ಡು ಬಿಟ್ಟು ಶ್ರುತಿ ಹಿಡಿಯಿರಿ. ದಪ್ಪ ಇ ತಂತಿಯನ್ನು ಡಿ ಸ್ವರಕ್ಕೆ ಇಳಿಸಿದರೆ ಕೆಳಗಿನ ಸ್ವರದ ಮೂರು ತಂತಿಗಳು ಡಿ, ಎ, ಡಿ, ಅಂದರೆ ಸ, ಪ, ಸ ಆಗುತ್ತವೆ. ಹಾಡುವವರು ಬಿಳಿ ಎರಡರಲ್ಲಿದ್ದರೆ ಗಿಟಾರೇ ತಂಬೂರಿ. ಗಮಕಕ್ಕೆ ತಂತಿಯ ಮೇಲೆ ಬೆರಳು ಜಾರಿಸುವುದು, ತಂತಿಯನ್ನು ಪಕ್ಕಕ್ಕೆ ಎಳೆಯುವುದು ಎರಡನ್ನೂ ಕಲಿಯಿರಿ. ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ವೀಣೆ ಕಲಿತು, 1970ರ ದಶಕದಲ್ಲಿ ‘ಶಕ್ತಿ’ ತಂಡಕ್ಕಾಗಿ ಫ್ರೆಟ್ಟುಗಳ ನಡುವಿನ ಮರವನ್ನು ತಗ್ಗಾಗಿ ಕೆತ್ತಿಸಿಕೊಂಡರು. ನಮಗೆ ಅಷ್ಟು ಬೇಡ, ತೆಳು ತಂತಿ ಹಾಕಿದರೂ ಎಳೆಯಲು ಸುಲಭ.

ಸರ್ಟಿಫಿಕೇಟ್ ಬೇಕೆನ್ನುವವರಿಗೆ

ಲಂಡನ್ನಿನ ಟ್ರಿನಿಟಿ ಮತ್ತು ಎಬಿಆರ್‌ಎಸ್‌ಎಂ ಎರಡೂ ಸಂಸ್ಥೆಗಳಲ್ಲಿ ಎಂಟನೇ ಗ್ರೇಡಿನವರೆಗೆ ಗಿಟಾರ್ ಪರೀಕ್ಷೆಗಳಿವೆ. ಎಬಿಆರ್‌ಎಸ್‌ಎಂನ ಆರನೇ ಗ್ರೇಡಿಗಿಂತ ಮೊದಲು ಐದನೇ ಗ್ರೇಡಿನ ಥಿಯರಿ ಅಥವಾ ಅದಕ್ಕೆ ಸಮನಾದ ಪರೀಕ್ಷೆ ಮುಗಿಸಿರಬೇಕು. ಟ್ರಿನಿಟಿಯಲ್ಲಿ ಆ ಷರತ್ತಿಲ್ಲ, ಎಲೆಕ್ಟ್ರಿಕ್ ಗಿಟಾರಿನವರಿಗೆ ಅದರ ರಾಕ್ ಅಂಡ್ ಪಾಪ್ ವಿಭಾಗವಿದೆ. ಮುಂದೆ ಪಾಠ ಹೇಳಿ ಬದುಕಬೇಕೆನ್ನುವವರಿಗೆ ಈ ದಾರಿ ಉಪಯೋಗ. ಉಳಿದವರು ಆ ಹಣದಲ್ಲಿ ಒಳ್ಳೆಯ ಕೇಪೊ, ಎರಡು ಜೊತೆ ತಂತಿ ಕೊಳ್ಳಲಿ ಎಂಬುದೇ ನನ್ನ ಸಲಹೆ.

ದಿನಕ್ಕೆ ಅರ್ಧ ಗಂಟೆ: ಹತ್ತು ನಿಮಿಷ ತಾಳ, ಹದಿನೈದು ನಿಮಿಷ ಆ ವಾರದ ಹಾಡು, ಉಳಿದ ಐದು ನಿಮಿಷ ಬರೀ ಶ್ರುತಿ ಹಿಡಿದು ಹಾಡುವುದು. ವಾರಕ್ಕೊಮ್ಮೆ ಭಜನೆಗೆ ಹೋಗಿ, ಪೇಟಿಯವರ ಪಕ್ಕದಲ್ಲಿ, ಅವರ ಬೆರಳು ಕಾಣುವಂತೆ ಕೂತುಕೊಳ್ಳಿ. ಮೊದಲೆರಡು ವಾರ ‘ಸ’ದ ತಂತಿಯೊಂದನ್ನೇ ಮೆಲ್ಲಗೆ ಮೀಟಿದರೂ ಯಾರೂ ಬೇಡವೆನ್ನರು. ನಡುವೆ ಹಾಡುವವರು ಬದಲಾಗಿ ಪೇಟಿಯ ಮನೆ ಬದಲಾದಾಗ, ಪಲ್ಲವಿ ಎರಡನೇ ಸಲ ಬರುವುದರೊಳಗೆ ನೀವು ಕೇಪೊ ಸರಿಸಿ ಸೇರಿಕೊಳ್ಳುವಂತಾದರೆ, ಆಗ ಆ ಜಾಝ್ ಪುಸ್ತಕ ತರಿಸಿಕೊಳ್ಳಿ.