ಗೂಬಿ ಮ್ಯಾಲ ಗೂಬಿ ಕುಂದ್ರಸಬ್ಯಾಡ್ರಿ

ಸುಗ್ಗಿಯಾಗ ನಮ್ಮ ಆಡೂರಿನ ಹುಡುಗೂರು ಗೋವಿನಜೋಳದ ಹೊಲದ ಮುಳ್ಳುತಂತಿಗೆ ಸಿಕ್ಕ ಕಣಜಗೂಬಿ ಒಂದನ್ನ ಬಿಡಿಸಿ, ಅರಣ್ಯ ಇಲಾಖೆಯವರ ಕೈಗೆ ಕೊಟ್ಟಿದ್ರು. ಮೊನ್ನೆ ಬಂದು, "ಅಜ್ಜಾರ, ಅದಕ್ಕ ಇನ್ನ ಹಾರಾಕ ಬರಂಗಿಲ್ಲಂತ. ತಂದು ನಾವ ಸಾಕೂಣೇನ್ರಿ?" ಅಂದ್ರು. ಅವರಿಗೆ ಹೇಳಿದ ಮಾತು ನಿಮಗೂ ಇರಲಿ.

• ಗಾಯದ ಗೂಬಿ ಕಂಡ್ರ ಟಾವೆಲ್ ಹೊಚ್ಚಿ ಹಿಡೀರಿ. ಕೊಕ್ಕಿಗಿಂತ ಕಾಲುಗುರಿಗೆ ಅಂಜ್ರಿ. ತೂತು ಕೊರೆದ ರಟ್ಟಿನ ಡಬ್ಬಿಯೊಳಗಿಟ್ಟು ಕತ್ತಲಿ ಕ್ವಾಣ್ಯಾಗ ಇಡ್ರಿ. ಆಮ್ಯಾಲ ಅರಣ್ಯ ಸಹಾಯವಾಣಿ 1926ಕ್ಕ ಫೋನ್ ಹಚ್ರಿ. ಸೆಲ್ಫಿ ಬ್ಯಾಡ.

• ಹಾಲು, ಅನ್ನ, ರೊಟ್ಟಿ ತಿನಸಬ್ಯಾಡ್ರಿ. ಬಾಯಾಗ ನೀರು ಹನಿಸಿದ್ರ ಉಸಿರಿನ ಕೊಳವಿಗೆ ಇಳದು ಸಾಯಬಹುದು. ಬರೇ ಮಾಂಸದ ತುಂಡೂ ಅದಕ್ಕ ಸಾಲಂಗಿಲ್ಲ. ಕೂದಲು, ಎಲುಬು ಸಮೇತ ಇಲಿ ನುಂಗೂ ಜೀವ ಅದು. ಹಾಳು ಮಾಳಿಗಿ ಕೆಳಗ ಹೆಬ್ಬಟ್ಟಿನಷ್ಟ ಕರೀ ಉಂಡಿ ಬಿದ್ದಿರತಾವ ನೋಡ್ರಿ. ನೀರಾಗ ನೆನಸಿ ಬಿಡಿಸಿದ್ರ ಇಲಿ ತಲಿಬುರುಡಿ ಹಲ್ಲಿನ ಸಮೇತ ಸಿಗತೈತಿ. ಅದು ಹಿಕ್ಕಿ ಅಲ್ಲ, ಕರಗಲಾರದ್ದನ್ನ ಬಾಯಿಂದ ಉಗುಳಿದ್ದು.

• "ರೆಕ್ಕಿ ಬಡೀತೈತಿ, ಬಿಟ್ಟಬಿಡೂಣು" ಅನಬ್ಯಾಡ್ರಿ. ಗೂಬಿ ಹಾರಿದ್ರ ಸಾಲದು, ಸಪ್ಪಳಿಲ್ಲದ ಹಾರಬೇಕು. ಕೀಲು ಸೊಟ್ಟ ಕೂಡಿದ್ರ ಇಲಿಗೆ ಸುಳಿವು ಹತ್ತತೈತಿ, ಗೂಬಿಗೆ ಉಪವಾಸ. ಕನಿಕರಪಟ್ಟು ಬಿಟ್ರ ಕೊಂದಂಗ. ಬಿಡೂದು, ಇಟ್ಟುಕೊಳ್ಳೂದು ಡಾಕ್ಟರ ಮಾತು.

• ಹಂಗಂತ ಮನ್ಯಾಗ ಸಾಕಾಕೂ ಬರಂಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಮೃಗಾಲಯಕ್ಕೋ, ಪುನರ್ವಸತಿ ಕೇಂದ್ರಕ್ಕೋ, ಎಲ್ಲಿಗೆ ಕಳಸಬೇಕಂತ ಇಲಾಖೆ ನೋಡಿಕೊಳ್ಳತೈತಿ.

• ಅಲ್ಲಿಗೆ ಗೂಬಿ ನೋಡಾಕ ಹೋದ್ರ ಸವರಬ್ಯಾಡ್ರಿ. ಮಿಸುಕಲಾರದ ಕುಂತದ್ದು ಸಲಗಿ ಅಲ್ಲ, ಅಂಜಿಕಿ. ಕಣ್ಣಗುಡ್ಡಿ ಹೊರಳಂಗಿಲ್ಲ, ಅದಕ್ಕ ಕುತ್ತಗಿನ ತಿರುಗಸತೈತಿ. ಅದು ಕುಂದ್ರೂ ಕಟಿಗಿಗೆ ನಾರಿನ ಹಗ್ಗ ಸುತ್ತಿರಬೇಕು, ಇಲ್ಲಂದ್ರ ಅಂಗಾಲು ಬಾಯತೈತಿ. ಹಾರಲಾರದ ಗೂಬಿಗಳು ತಬ್ಬಲಿ ಮರಿಗಳನ್ನ ಸಾಕಿ ಕಾಡಿಗೆ ಕಳಿಸಿದ್ದೂ ಐತಿ. ಮನಷಾರ ಕೈತುತ್ತು ತಿಂದು ಬೆಳೆದ ಮರಿ ತಾನೂ ಗೂಬಿ ಅನ್ನೂದನ್ನ ಮರೀತೈತಿ.

• ಅಪಶಕುನ ಅನ್ನವರಿಗೆ ಇಷ್ಟ ಕೇಳ್ರಿ: ಬುಡಬುಡಕಿಯವ ಬಾಗಲಿಗೆ ಬಂದು ಹಾಲಕ್ಕಿ ಶಕುನ ನುಡದ್ರ ಮರದ ತುಂಬ ಜ್ವಾಳ ಹಾಕತೀವಲ್ಲ, ಆ ಹಾಲಕ್ಕಿ ಯಾವುದು? ಅದೂ ಸಣ್ಣ ಗೂಬಿನ. ದೀಪಾವಳಿ ಹೊತ್ತಿಗೆ ಮಾಟ-ಮಂತ್ರಕ್ಕಂತ ಗೂಬಿ ಹಿಡದು ಮಾರವರು ಇರತಾರ. ಕಂಡ್ರ ಬಾಯಿ ಮುಚಗೊಂಡು ಕುಂದ್ರಬ್ಯಾಡ್ರಿ.

• ಇಲಿಪಾಷಾಣ ಕೈಬಿಡ್ರಿ. ವಿಷ ತಿಂದ ಇಲಿ ತಿಂದ್ರ ಗೂಬಿಗೂ ವಿಷ. ಪುಕಟ ರಾತ್ರಿಪಾಳಿ ಮಾಡೂ ಆಳನ್ನ ನಾವ ಕೊಂದು, ಬೆಳಿ ಹೋತಂದ್ರ ಅದರ ಮ್ಯಾಲ ಗೂಬಿ ಕುಂದ್ರಸತೀವಿ.

ಆ ಗೂಬಿ ಇನ್ನ ಆಡೂರಿಗೆ ತಿರುಗಿ ಬರಂಗಿಲ್ಲ. ಅದರ ಜೋಡಿ ಇನ್ನೂ ಹಾಳು ಮಾಳಿಗ್ಯಾಗೈತಿ. ಪ್ರೀತಿ ಉಕ್ಕಿ ಬಂದಿದ್ರ ಇವತ್ತ ಸಂಜೀ ಒಳಗ ಅದಕ್ಕ ಕಾಣೂಹಂಗ ಆ ಮುಳ್ಳುತಂತಿಗೆ ಬಿಳಿ ಅರಬಿ ಚೂರು ಕಟ್ಟಿ ಬರ್ರಿ.