ಹಳೆ ರೆಕಾರ್ಡು ಕೊಳ್ಳುವ ಮುನ್ನ
ಬೆಂಗಳೂರಿನ ಸಂಡೆ ಬಜಾರಿನಲ್ಲಿ 1970ರ ದಶಕದ ಕನ್ನಡ ಸಿನಿಮಾ ಹಾಡುಗಳ 7 ಇಂಚಿನ ಇ.ಪಿ. ರೆಕಾರ್ಡು ಕಣ್ಣಿಗೆ ಬಿದ್ದರೆ, ಕವರಿನ ಚಿತ್ರಕ್ಕೆ ಮರುಳಾಗಿ ದುಡ್ಡು ಕೊಡಬೇಡಿ. ರೆಕಾರ್ಡನ್ನು ಹೊರತೆಗೆದು, ಅಂಚು ಮತ್ತು ಲೇಬಲ್ ಮಾತ್ರ ಮುಟ್ಟುವಂತೆ ಹಿಡಿದು, ಬಿಸಿಲಿಗೆ ಓರೆ ಮಾಡಿ ನೋಡಿ. ಕೂದಲೆಳೆಯಂಥ ಗೆರೆಗಳಿದ್ದರೆ ಚಿಂತೆಯಿಲ್ಲ, ಕೊಂಚ ಚರಚರ ಅನ್ನಬಹುದು, ಅಷ್ಟೇ. ಉಗುರಿಗೆ ತಗಲುವಷ್ಟು ಆಳದ ಗೀರಿದ್ದರೆ ಮಾತ್ರ ಬಿಟ್ಟುಬಿಡಿ. ಮುಳ್ಳು ಅಲ್ಲೇ ಸಿಕ್ಕಿಕೊಂಡು ಒಂದೇ ಸಾಲು ಮತ್ತೆ ಮತ್ತೆ ಕೇಳಿಸುತ್ತದೆ. ನಿಮಿಷಕ್ಕೆ 45 ಸುತ್ತಿನ ವಿನೈಲ್‌ಗೆ ಬಳಸುವ ಮುಳ್ಳಿನಲ್ಲಿ 78 ಸುತ್ತಿನ ಅರಗಿನ ರೆಕಾರ್ಡು ಹಾಕಬೇಡಿ, ಅದರಲ್ಲಿ ಮುಳ್ಳು ಓಡುವ ಗೆರೆಗಳು ಅಗಲ. ಮನೆಗೆ ತಂದಮೇಲೆ ಲೇಬಲ್ ನೆನೆಯದಂತೆ ಒರೆಸಿ, ನೆಟ್ಟಗೆ ನಿಲ್ಲಿಸಿಡಿ. ಅಟ್ಟ ಬೇಡವೇ ಬೇಡ, ಬೇಸಿಗೆಯ ಕಾವಿಗೆ ವಿನೈಲ್ ಡೊಂಕಾಗುತ್ತದೆ. ಅಂಗಡಿಯವರು ಹಾಕಿ ಕೇಳಿಸುತ್ತೇವೆಂದರೆ ಸಂಕೋಚಪಡದೆ ಎರಡೂ ಬದಿ ಕೇಳಿಯೇ ಕೊಳ್ಳಿ.